ಕಾರವಾರದ ಗಾಳಿಯಲ್ಲಿ ಒಂದು ತೊಗಲಿನ ಪಟ್ಟಿ: ಕೆಲವು ಮಳೆಗಾಲ ಕಂಡ ಮೇಲೆ

ಪಟ್ಟಿ ಚೆನ್ನಾಗಿದೆ, ಅದರ ಕೊಂಡಿ ಚೆನ್ನಾಗಿಲ್ಲ. ಉಳಿದದ್ದೆಲ್ಲ ವಿವರ.

ಇದು ಗೋಡೆಗೆ ನೇತುಹಾಕುವ, 3 ಇಂಚು ಅಗಲದ ಎಮ್ಮೆ ತೊಗಲಿನ ಪಟ್ಟಿ. ಹಿಂಬದಿಗೆ ದಪ್ಪ ಕ್ಯಾನ್ವಾಸಿನ ಇನ್ನೊಂದು ಪಟ್ಟಿ ಸೇರಿಸಿದ್ದಾರೆ. ಮಡಚುವ ಹಳೇ ಕಾಲದ ಕ್ಷೌರದ ಕತ್ತಿಯನ್ನು ತೀಡುವುದಕ್ಕೆ ಮಾತ್ರ ಇದರ ಬಳಕೆ. ಆನ್‌ಲೈನಿನಲ್ಲಿ ತರಿಸಿದೆ. ಮಾರಿದವರ ಹೆಸರು ಹೇಳುವುದಿಲ್ಲ. ಇದೇ ತರಹದ್ದನ್ನು ಈಗ ಬೇಕಾದಷ್ಟು ಜನ ಮಾರುತ್ತಾರೆ, ಒಳ್ಳೇದು ಕೆಟ್ಟದ್ದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ತಂದ ವಾರಕ್ಕೇ ಬರೆದ ವಿಮರ್ಶೆಗಳಲ್ಲಿ ಎಲ್ಲ ಪಟ್ಟಿಗೂ ಐದು ನಕ್ಷತ್ರ ಇರುತ್ತದೆ. ಹೊಸ ತೊಗಲು ಯಾರಿಗಾದರೂ ಚಂದವೇ. ಕಾರವಾರದ ಕೋಡಿಬಾಗದ ಮನೆಯಲ್ಲಿ ಅದು ಒಂದು ಜೂನ್-ಜುಲೈ ಕಳೆಯಲಿ, ಆಮೇಲೆ ಮಾತಾಡೋಣ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಮಳೆ ಇಲ್ಲದ ದಿನ ಸಮುದ್ರದ ಉಪ್ಪು ಗಾಳಿ. ಇಲ್ಲಿ ಕತ್ತಿ ಗಡ್ಡ ಹೆರೆದು ಮೊಂಡಾಗುವುದಕ್ಕಿಂತ ಸುಮ್ನೆ ಇಟ್ಟಲ್ಲೇ ಮೊಂಡಾಗುವುದು ಜಾಸ್ತಿ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಿನದು ಒಣ ಹವೆಯ ದೇಶಗಳವರು ಬರೆದದ್ದು. ಅದನ್ನು ಹಾಗ್ಹಾಗೇ ಇಲ್ಲಿಗೆ ತಂದರೆ ಆಗುವುದಿಲ್ಲ.

ಪಟ್ಟಿ ಮಾಡುವ ಕೆಲಸ ಏನು ಅಂತ ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆ. ಇದು ಸಾಣೆಕಲ್ಲು ಅಲ್ಲ. ಕಲ್ಲು ಉಕ್ಕನ್ನು ಸವೆಸಿ ಹೊಸ ಬಾಯಿ ತೆಗೆಯುತ್ತದೆ. ಪಟ್ಟಿ ಇದ್ದ ಬಾಯನ್ನೇ ನೇರ ಮಾಡಿ ನುಣುಪು ಕೊಡುತ್ತದೆ. ಗಡ್ಡ ಹೆರೆಯುವಾಗ ಕತ್ತಿಯ ತೀರಾ ತೆಳ್ಳಗಿನ ಅಂಚು ಕಣ್ಣಿಗೆ ಕಾಣದಷ್ಟು ಅತ್ತಿತ್ತ ಬಾಗುತ್ತದೆ. ಆ ಬಾಗಿದ್ದನ್ನು ತೊಗಲು ಸರಿಪಡಿಸುತ್ತದೆ. ಚಕ್ಕೆ ಎದ್ದದ್ದನ್ನು ಸರಿಪಡಿಸುವುದು ಅದರ ಕೈಲಾಗದು. ಅಮೆರಿಕದ ಎಂಐಟಿಯವರು 2020ರಲ್ಲಿ ಇದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಬ್ಲೇಡಿನ ಅಂಚಿನಿಂದ ಅದು ಸಣ್ಣ ಚಕ್ಕೆ ಎಬ್ಬಿಸುತ್ತದೆ. ಅಲಗು ಓರೆಯಾಗಿ ಕೂದಲಿಗೆ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ ಹೀಗಾಗುತ್ತದಂತೆ. ಹಾಗಾಗಿ ಗಡ್ಡಕ್ಕೆ ಬಿಸಿನೀರು ಹಾಕಿ ಚೆನ್ನಾಗಿ ನೆನೆಸುವುದೂ ಕತ್ತಿ ಕಾಯುವ ಕೆಲಸವೇ. ನೆನೆಯದ ಗಡ್ಡಕ್ಕೆ ಕತ್ತಿ ಹಾಕಿ ಆಮೇಲೆ ಪಟ್ಟಿಯನ್ನು ಬೈದರೆ ಏನು ಬಂತು?

ಅಗಲದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. 2 ಇಂಚಿನ ಪಟ್ಟಿ ಅಗ್ಗ, ನೋಡುವುದಕ್ಕೂ ನಾಜೂಕು. ಆದರೆ ಕತ್ತಿಯ ಅಲಗು ಹತ್ತಿರಹತ್ತಿರ 3 ಇಂಚು ಉದ್ದ ಇರುತ್ತದೆ. ಸಣ್ಣ ಪಟ್ಟಿಯಲ್ಲಿ ಪ್ರತಿ ಎಳೆತಕ್ಕೂ ಕತ್ತಿಯನ್ನು ಓರೆಯಾಗಿ ಸರಿಸುತ್ತಾ ಹೋಗಬೇಕು, ಇಲ್ಲದಿದ್ದರೆ ತುದಿಗೋ ಬುಡಕ್ಕೋ ತೊಗಲು ತಾಗುವುದೇ ಇಲ್ಲ. ಕೈ ಪಳಗಿದವರಿಗೆ ಅದು ಲೆಕ್ಕಕ್ಕಿಲ್ಲ. ಹೊಸಬರಿಗೆ 3 ಇಂಚಿನದ್ದೇ ಇರಲಿ, ನೇರ ಎಳೆದರೆ ಇಡೀ ಬಾಯಿಗೆ ತಾಗುತ್ತದೆ.

ಇನ್ನು ತೀಡುವುದು. ಕೊಂಡಿ ಗೋಡೆಗೆ, ಹಿಡಿ ಎಡಗೈಗೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಹಗ್ಗದ ಮೇಲೆ ಒಣಹಾಕಿದ ಪಂಚೆಯ ಹಾಗೆ ಜೋಲು ಬಿದ್ದರೆ ತೊಗಲು ಅಂಚಿನ ಸುತ್ತ ಮೇಲೆದ್ದು ಬಾಯಿಯನ್ನು ದುಂಡಗೆ ಮಾಡುತ್ತದೆ. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಪಟ್ಟಿಗೆ ತಾಗಿರಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆ ಮಗುಚಬೇಕು, ಬಾಯಿಯ ಮೇಲೆ ಯಾವತ್ತೂ ಅಲ್ಲ. ಹೊಸಬರ ಪಟ್ಟಿಗಳಲ್ಲಿ ಕಾಣುವ ಕಚ್ಚುಗಳೆಲ್ಲ ಈ ಮಗುಚುವ ಜಾಗದಲ್ಲೇ ಬಿದ್ದದ್ದು. ಸಣ್ಣ ಕಚ್ಚಾದರೆ ನುಣುಪು ಉಜ್ಜುಕಾಗದ ಹಾಕಿ ಸಮ ಮಾಡಿ, ಮುಂದುವರಿಸಬಹುದು. ವೇಗದ ಆಸೆ ಬೇಡ. ಸಿನಿಮಾದಲ್ಲಿ ಚಟಚಟ ತೀಡುವುದು ನೋಡುವುದಕ್ಕೆ ಮಾತ್ರ.

ಒತ್ತಡದ ಬಗ್ಗೆ ಸಿರಸಿ ಕಡೆಯ ಒಬ್ಬ ಹಳೇ ಕ್ಷೌರಿಕರು ಹೇಳಿದ್ದಕ್ಕಿಂತ ಹೆಚ್ಚು ನಾನು ಹೇಳಲಾರೆ: "ಒತ್ತಬ್ಯಾಡ ತಮಾ, ಕತ್ತಿ ಭಾರ ಕತ್ತಿಗೆ ಸಾಕು." ಅವರೂ ಈಗ ಅಂಗಡಿಯಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ರೇಜರನ್ನೇ ಬಳಸುತ್ತಾರೆ. ಗಿರಾಕಿಗೊಂದು ಹೊಸ ಬ್ಲೇಡ್, ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗುವ ಹೆದರಿಕೆ ಇಲ್ಲ. ಅದು ಸರಿಯಾದದ್ದೇ. ಆದರೆ ಪಟ್ಟಿ ತೀಡುವುದನ್ನು ಅಂಗಡಿಯಲ್ಲಿ ನಿಂತು ನೋಡಿ ಕಲಿಯುವ ದಾರಿ ಅದರೊಟ್ಟಿಗೆ ಹೋಯಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಚೆನ್ನಾಗಿ ಮಸೆಯುವವರು ನಮ್ಮ ಕಡೆ ಮನೆಮನೆಗೂ ಇದ್ದಾರೆ. ಅವರ ಕೈಗೆ ಮಾತ್ರ ಈ ಕತ್ತಿ ಕೊಡಬೇಡಿ. ಅಲ್ಲಿ ಬೇಕಾದ ಒತ್ತಡ ಬೇರೆ.

ಈಗ ನನ್ನ ಮುಖ್ಯ ತಕರಾರು. ಸಾಮಾನ್ಯವಾಗಿ ಎಲ್ಲರೂ ಹೇಳುವುದು ಕ್ಷೌರಕ್ಕೆ ಮೊದಲು ತೀಡಿ ಅಂತ. ಕ್ಯಾನ್ವಾಸಿನ ಮೇಲೆ 20-30 ಸುತ್ತು, ತೊಗಲಿನ ಮೇಲೆ 40-60. ಅದನ್ನು ನಾನೂ ಮಾಡುತ್ತೇನೆ, ಅದು ಬೇಕು. ಆದರೆ ಕರಾವಳಿಯಲ್ಲಿ ಕ್ಷೌರ ಮುಗಿದ ಮೇಲಿನ ತೀಡುವಿಕೆಯೇ ಹೆಚ್ಚು ಮುಖ್ಯ. ಕತ್ತಿ ತೊಳೆದು ಬಟ್ಟೆಯಲ್ಲಿ ಒರೆಸಿದರೂ ಅಂಚಿನಲ್ಲಿ ತೇವ ಉಳಿಯುತ್ತದೆ, ಸೋಪಿನ ಪದರವೂ ಉಳಿಯುತ್ತದೆ. ಅಂಚಿನ ಹತ್ತಿರ ಬಟ್ಟೆ ಹಾಕಿ ತಿಕ್ಕುವುದಕ್ಕೆ ಬೆರಳಿಗೂ ಧೈರ್ಯ ಇರುವುದಿಲ್ಲ ಅಲ್ವಾ? ಒರೆಸಿದ ಕತ್ತಿಯನ್ನು ಕ್ಯಾನ್ವಾಸಿನ ಮೇಲೆ ಹತ್ತಿಪ್ಪತ್ತು ಸಲ ಎಳೆದರೆ ಆ ತೇವ ಹೋಗುತ್ತದೆ. ತೊಗಲಿನ ಮೇಲೆ ಮಾತ್ರ ಒದ್ದೆ ಕತ್ತಿ ಎಳೆಯಬಾರದು. ಬರೀ ಈ ಒಂದು ರೂಢಿಯಿಂದ ಕಲ್ಲಿಗೆ ಹೋಗುವುದು ಎಷ್ಟೋ ಕಡಿಮೆಯಾಗಿದೆ. ಕಾರ್ಬನ್ ಸ್ಟೀಲಿನ ಕತ್ತಿ ಇದ್ದವರು ಇದನ್ನು ತಪ್ಪಿಸಲೇಬಾರದು. ಸ್ಟೇನ್‌ಲೆಸ್ ಇದ್ದರೆ ಸ್ವಲ್ಪ ಸೋಮಾರಿತನ ನಡೆಯುತ್ತದೆ.

ಆಮೇಲೆ ಕತ್ತಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಯಾಕಾಗದು ಅಂತ ಎಲ್ಲರೂ ಕೇಳುತ್ತಾರೆ, ಮನೆಯಲ್ಲಿ ಇರುವುದೇ ಅದು. ಕಾರವಾರದಲ್ಲಿ ಹೇಗೋ ನಡೆದೀತು. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ. ಸಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಕತ್ತಿ ತೆಗೆದು ನೋಡಿ, ಬಿಳೀ ಪದರ ಕಾಣುತ್ತದೆ. ಯಾವ ಎಣ್ಣೆಯೇ ಇರಲಿ, ಮರುದಿನ ತೀಡುವ ಮೊದಲು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅದೆಲ್ಲ ಪಟ್ಟಿಗೆ ಹತ್ತುತ್ತದೆ. ಕತ್ತಿಯನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಬಚ್ಚಲುಮನೆಯಲ್ಲಂತೂ ಬೇಡವೇ ಬೇಡ. ಗಟ್ಟಿ ಮುಚ್ಚಳದ ಡಬ್ಬಿ, ಅದರೊಳಗೆ ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣ, ಇಷ್ಟು ಸಾಕು.

ತೊಗಲಿನ ಮಳೆಗಾಲ ಬೇರೆ ಕತೆ. ಮೊದಲ ಜುಲೈಗೇ ಈ ಪಟ್ಟಿಯ ಹಿಂಬದಿಗೆ ಬೂಷ್ಟು ಬಂತು, ಎರಡೂ ಅಂಚು ಸ್ವಲ್ಪ ಮೇಲೆ ಬಾಗಿತು. ಇದನ್ನು ದೋಷ ಅಂತ ನಾನು ಬರೆಯುವುದಿಲ್ಲ, ಇಲ್ಲಿ ಬೆಲ್ಟಿಗೂ ಬೂಷ್ಟು ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ತಾಗಿಸಿದ ಹತ್ತಿಯನ್ನು ಮೇಲಿಂದ ಆಡಿಸಿ, ಫ್ಯಾನಿನ ಗಾಳಿಗೆ ಬಿಟ್ಟೆ. ಬಿಸಿಲಿಗೆ ಇಡಬಾರದು, ತೊಗಲು ಬಿರುಸಾಗುತ್ತದೆ. ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಮಳೆಗಾಲಕ್ಕೆ ಏನಿದ್ದರೂ ಅಟ್ಟಕ್ಕೆ ಏರಿಸುವುದು ಘಟ್ಟದ ಮೇಲಿನ ಮನೆಗಳ ರೂಢಿ. ಅಲ್ಲಿನ ಹೊಗೆ, ಶಾಖ, ಇಲ್ಲಣ (ಹೊಗೆಯ ಮಸಿ) ಮೂರೂ ಇದಕ್ಕೆ ಆಗದು. ಇಲ್ಲಣದ ಒಂದು ಕಣ ಪಟ್ಟಿಯ ಮೇಲೆ ಕೂತರೂ ಕತ್ತಿಯ ಬಾಯಿ ಹಾಳು. ತೀಡುವ ಮೊದಲು ಅಂಗೈಯಿಂದ ನಾಲ್ಕಾರು ಸಲ ಜೋರಾಗಿ ಉಜ್ಜಿದರೆ ಧೂಳೂ ಹೋಗುತ್ತದೆ, ಕೈಯ ಜಿಡ್ಡು ತೊಗಲಿಗೂ ಸಿಗುತ್ತದೆ. ಅದಕ್ಕಿಂತ ಹೆಚ್ಚು ಎಣ್ಣೆ ಇದಕ್ಕೆ ಅಪರೂಪಕ್ಕೆ ಸಾಕು. ಬಾಗಿದ ಅಂಚು ದೀಪಾವಳಿ ಹೊತ್ತಿಗೆ ತಾನೇ ಸಮ ಆಯಿತು.

ಕೊಂಡಿಗೆ ಮಾತ್ರ ಕ್ಷಮೆ ಇಲ್ಲ. ಹಿತ್ತಾಳೆ ಬಣ್ಣ ಹಚ್ಚಿದ ಕಬ್ಬಿಣ ಅದು, ಸ್ಟೇನ್‌ಲೆಸ್ ಅಂತ ಬರೆದಿದ್ದರು. ಉಪ್ಪು ಗಾಳಿಗೆ ತುಕ್ಕು ಹಿಡಿದು, ತುಕ್ಕಿನ ಪುಡಿ ಕ್ಯಾನ್ವಾಸಿನ ಮೇಲೆ ಬೀಳುವುದಕ್ಕೆ ಶುರುವಾಯಿತು. ಮಾರಿದವರಿಗೆ ಫೋಟೋ ಕಳಿಸಿದರೆ ವಾಪಸ್ ಕೊಡುವ ಅವಧಿ ಮುಗಿದಿದೆ ಅಂತ ಉತ್ತರ. ಬೈತಖೋಲ್ ಬಂದರಿನ ಕಡೆ ಮೀನುಗಾರಿಕೆ ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ನಿಜವಾದ ಸ್ಟೇನ್‌ಲೆಸ್ ಕೊಂಡಿ ಸಿಕ್ಕಿತು. ಚಪ್ಪಲಿ ಹೊಲಿಯುವವರು ಅದನ್ನು ಸೇರಿಸಿ ಹೊಲಿದುಕೊಟ್ಟರು. ಮೂಲ ಹೊಲಿಗೆಗಿಂತ ಅದೇ ಗಟ್ಟಿ.

ಹಸಿರು ಪೇಸ್ಟಿನ ಒಂದು ಕಡ್ಡಿಯನ್ನೂ ಇದರ ಜೊತೆ ಕಳಿಸುತ್ತಾರೆ. ಕ್ರೋಮಿಯಂ ಆಕ್ಸೈಡ್ ಅದು, ಒಳ್ಳೆಯದಾದರೆ ಕಣ ಅರ್ಧ ಮೈಕ್ರಾನ್ ಆಸುಪಾಸು. ಇದನ್ನು ಈ ಪಟ್ಟಿಗೆ ಬಳಿಯಬೇಡಿ. ಬಳಿದರೆ ಪಟ್ಟಿ ದಿನವೂ ಉಕ್ಕು ಸವೆಸುವ ಸಾಧನ ಆಗುತ್ತದೆ, ತೆಗೆಯುವುದಕ್ಕೂ ಬಾರದು. ಮರದ ತುಂಡಿಗೆ ಬೇರೆ ತೊಗಲು ಅಂಟಿಸಿ ಅದಕ್ಕೆ ಹಚ್ಚಿಟ್ಟುಕೊಳ್ಳಿ. ತೀಡಿದರೂ ಕತ್ತಿ ಗಡ್ಡ ಎಳೆಯುತ್ತಿದೆ ಅನಿಸಿದಾಗ ಅದರ ಮೇಲೆ ಹತ್ತು ಸುತ್ತು. ಅದಕ್ಕೂ ಬಗ್ಗದಿದ್ದರೆ 8000 ಅಥವಾ 12000 ಗ್ರಿಟ್ಟಿನ (ಅಂಕೆ ಹೆಚ್ಚಾದಷ್ಟು ನುಣುಪು) ಕಲ್ಲು. ಹರಿತ ನೋಡುವುದಕ್ಕೆ ಹೆಬ್ಬೆರಳು ಬೇಡ, ಮುಂಗೈಯ ರೋಮಕ್ಕೆ, ಚರ್ಮ ಮುಟ್ಟದ ಹಾಗೆ, ಮೇಲಿಂದ ತಾಗಿಸಿದರೆ ಗೊತ್ತಾಗುತ್ತದೆ.

ನನ್ನ ಲೆಕ್ಕದಲ್ಲಿ ತೊಗಲಿಗೆ ನಾಲ್ಕೂವರೆ ನಕ್ಷತ್ರ, ಕ್ಯಾನ್ವಾಸಿಗೆ ಐದು, ಕೊಂಡಿಗೆ ಸೊನ್ನೆ. ಬೆಳಿಗ್ಗೆ ಏಳರ ಬಸ್ಸು ಹಿಡಿಯುವವರು ಇದರ ಗೋಜಿಗೆ ಹೋಗಬೇಡಿ, ಬ್ಲೇಡ್ ಹಾಕುವ ರೇಜರೇ ಸಾಕು. ತೆಗೆದುಕೊಳ್ಳುವವರು ಕ್ಯಾನ್ವಾಸ್ ಇಲ್ಲದ ಬರೀ ತೊಗಲಿನ ಪಟ್ಟಿ ಎಷ್ಟೇ ಅಗ್ಗವಾದರೂ ಬಿಡಿ. ಪಾರ್ಸೆಲ್ ಬಂದ ದಿನವೇ ಕೊಂಡಿಗೆ ಆಯಸ್ಕಾಂತ ಹಿಡಿದು ನೋಡಿ. ಬಲವಾಗಿ ಅಂಟಿದರೆ ಅದು ಬಣ್ಣ ಹಚ್ಚಿದ ಕಬ್ಬಿಣ ಇರಬಹುದು, ವಾಪಸ್ ಕಳಿಸಿ, ಅವಧಿ ಮುಗಿಯುವ ಮೊದಲು.