ಕೂರ್ಮಗಡದ ‘ಕ್ರೂಸ್’: ಅತ್ತಿಗೆಗೆ ಪೂರ್ತಿ ಇಷ್ಟ, ನನಗೆ ಅರ್ಧ

ಶಿರಸಿಯಿಂದ ಅತ್ತಿಗೆ ಜೊತೆ ಕಾರವಾರಕ್ಕೆ ಇಳಿದಿದ್ದೇ ದ್ವೀಪ ನೋಡಲೆಂದು. ಬುಕ್ ಮಾಡಿದ್ದು ‘ಕ್ರೂಸ್’ ಪ್ಯಾಕೇಜು. ಬಂದಿದ್ದು ಮೇಲೆ ತಾಡಪಾಲು ಕಟ್ಟಿದ ಸಾದಾ ದೋಣಿ. ಇರಲಿ, ಎಂಜಿನ್ ಚೆನ್ನಾಗಿತ್ತು, ನಡೆಸುವವರೂ ನಿಧಾನಸ್ಥರು.

ಕಾಳಿ ನದಿ ಸಮುದ್ರ ಸೇರುವಲ್ಲಿ ಅಲೆ ಎತ್ತಿ ಕುಕ್ಕುತ್ತದೆ. ನನಗೆ ಹೊಟ್ಟೆ ತೊಳೆಸಿತು. ಅತ್ತಿಗೆ ಆರಾಮಾಗಿ ಚಕ್ಕುಲಿ ತಿನ್ನುತ್ತಾ ಕೂತಿದ್ದರು. ಕೂರ್ಮಗಡ ದೂರದಿಂದ ನಿಜಕ್ಕೂ ಆಮೆಯ ಬೆನ್ನೇ. ಅಲ್ಲಿ ನರಸಿಂಹನ ಗುಡಿ ಇದೆ, ಜನವರಿ ಹೊತ್ತಿಗೆ ಜಾತ್ರೆ. 2019ರಲ್ಲಿ ಆ ಜಾತ್ರೆಯಿಂದ ಮರಳುವಾಗಲೇ ದೋಣಿ ಮಗುಚಿ ಹಲವರು ತೀರಿಕೊಂಡಿದ್ದು. ಹಾಗಾಗಿ ಲೈಫ್ ಜಾಕೆಟ್ ವಿಷಯದಲ್ಲಿ ನಾನು ಜಗಳಗಂಟಿ. ಕೊಟ್ಟರು ಸರಿ, ನನ್ನದರ ಕ್ಲಿಪ್ಪೇ ಮುರಿದಿತ್ತು! ಕೇಳಿದ ಮೇಲೆ ಬದಲಾಯಿಸಿದರು. ಮೊದಲೇ ನೋಡಿ ಕೊಡಬೇಕಿತ್ತು ಅಲ್ವಾ?

ಜಾಹೀರಾತಿನಲ್ಲಿ ಮೂರು ದ್ವೀಪ ಅಂದಿದ್ದರು. ಇಳಿಸಿದ್ದು ಒಂದರಲ್ಲೇ. ದೇವಗಡದ ದೀಪಸ್ತಂಭಕ್ಕೆ ದೂರದಿಂದಲೇ ನಮಸ್ಕಾರ. ಅಂಜುದೀವ್ ನೌಕಾಪಡೆಯ ಕೈಯಲ್ಲಿದೆ, ನಮ್ಮಂಥವರನ್ನು ಬಿಡುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಡಾಲ್ಫಿನ್ ಕಂಡಾಗ ಮಾತ್ರ ದೋಣಿಯವರು ಸುಮ್ನೆ ಬೆನ್ನಟ್ಟದೆ ಎಂಜಿನ್ ಆಫ್ ಮಾಡಿದರು. ಅದಕ್ಕೇ ಒಂದು ಸ್ಟಾರ್ ಹೆಚ್ಚು. ಒಟ್ಟು ಐದಕ್ಕೆ ಮೂರು. ಐದೂ ಕೊಟ್ಟುಬಿಡು ಅನ್ನುತ್ತಾರೆ ಅತ್ತಿಗೆ. ದುಡ್ಡು ಕೊಟ್ಟವಳು ನಾನು. ಹೋಗುವವರು ಬೆಳಗಿನ ದೋಣಿಯನ್ನೇ ಹಿಡಿಯಿರಿ, ಕುಡಿಯುವ ನೀರು ಒಯ್ಯಿರಿ. ಯಾವ ದ್ವೀಪದಲ್ಲಿ ಇಳಿಸುತ್ತೀರಿ ಎಂದು ದುಡ್ಡು ಕೊಡುವ ಮೊದಲೇ ಕೇಳಿ.