ಕೈ ಪಳಗಿಸುವ ಆಪ್: ಮೂರು ವಾರ ಬಳಸಿದ ಮೇಲೆ

ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ, ಕೈ ಪಳಗಲಿ ಅಂತ ಟ್ಯಾಬ್ಲೆಟ್‌ಗೆ ಈ ಆಪ್ ಹಾಕಿಕೊಂಡೆ. ಆಟ ಸರಳ. ಬೆರಳಿನಿಂದ ಗೆರೆ ಎಳೆದು, ಕಣ್ಣಿಗೆ ಕಾಣದ ಗುರಿಯನ್ನು ಮುಟ್ಟಬೇಕು. ಮುಟ್ಟಿದರೆ ಟಿಣ್ ಅಂತ ಗಂಟೆ, ತಪ್ಪಿದರೆ ಮೌನ. ಎಷ್ಟು ತಪ್ಪಿತು, ಯಾವ ಕಡೆಗೆ ಅಂತ ಹೇಳುವುದಿಲ್ಲ.

ಈ ಮೌನವೇ ನನಗೆ ತುಂಬಾ ಹಿಡಿಸಿತು. ಗಂಟೆ ಬಾರಿಸಿದಾಗ ಮುಂದಿನ ಗೆರೆ ಹೆಚ್ಚುಕಮ್ಮಿ ಹಳೆಯದರ ಮೇಲೇ ಬೀಳುತ್ತದೆ. ಎರಡು ಮೂರು ಸಲ ತಪ್ಪಿತೋ, ಗೆರೆಗಳು ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತವೆ. ಕೈ ತಾನಾಗಿಯೇ ಬೇರೆ ದಾರಿ ಹುಡುಕುತ್ತಿದೆ, ಅಲ್ವಾ? ಪೆಕ್ನಿ, ಇಜಾವಾ ಮತ್ತು ಶಾದ್‌ಮೆಹರ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಮ್ಮಿಯಾಗುವ ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಸೋಲಿನ ನಂತರದ ಈ ಹುಡುಕಾಟ ಅಷ್ಟಾಗಿ ಏರಲಿಲ್ಲ.

ಒಂದು ದೂರಿದೆ. ಆರನೇ ಹಂತದಲ್ಲಿ ಗುರಿ ದಿಢೀರನೆ ಚಿಕ್ಕದಾಗುತ್ತದೆ. ಹತ್ತು ನಿಮಿಷ ಎಳೆದರೂ ನನಗೆ ಒಂದೂ ಗಂಟೆ ಕೇಳಲಿಲ್ಲ. ಗೆಲುವೇ ಸಿಗದಿದ್ದರೆ ಕೈ ಯಾವ ಗೆರೆಯನ್ನು ಉಳಿಸಿಕೊಳ್ಳಬೇಕು? ಸುಮ್ನೆ ತಡಕಾಡುತ್ತದೆ. ಗುರಿಯ ಗಾತ್ರವನ್ನು ನಾವೇ ಬದಲಿಸಲು ಬಿಡಬೇಕು. ಅದೊಂದು ಸರಿಯಾಗುವವರೆಗೆ ನಾಲ್ಕು ಸ್ಟಾರ್.