ಫಾಗ್ ಲೈಟ್ ಆರಿದ್ದು ನೋಡಿ ಸುಮ್ನಿದ್ದೆ: ರೇಡಿಯೇಟರ್ ಇರೋ ಬೈಕ್‌ನವರು ಬೇಸಿಗೆಗೆ ಮುಂಚೆ ಒಂದ್ಸಲ ಓದಿ

ಬೈಕ್ ಯಾವ ಕಂಪನಿದು, ಲೈಟ್ ಹಾಕಿದ ಅಂಗಡಿ ಯಾವುದು ಅಂತ ಕೇಳ್ಬೇಡಿ, ಹೇಳಲ್ಲ. ಕಂಪನಿದು ತಪ್ಪೇನಿಲ್ಲ, ಅಂಗಡಿಯವನದು ಅರ್ಧ, ನಂದು ಅರ್ಧ. ಲಿಕ್ವಿಡ್ ಕೂಲ್ಡ್ ಸಿಂಗಲ್ ಸಿಲಿಂಡರ್ ಗಾಡಿ, ಅಂದ್ರೆ ಕೂಲೆಂಟ್ ಅನ್ನೋ ದ್ರವ ಎಂಜಿನ್ ಬಿಸಿನ ಮುಂದಿರೋ ರೇಡಿಯೇಟರಿಗೆ ಒಯ್ದು ಅಲ್ಲಿ ತಣ್ಣಗಾಗುತ್ತೆ. ತಗೊಂಡು ನಾಲ್ಕು ವರ್ಷ, ಅಲ್ಲಿವರೆಗೂ ಒಂದಿನ ರೋಡಲ್ಲಿ ನಿಲ್ಸಿರ್ಲಿಲ್ಲ. ಅದೇ ಧೈರ್ಯ ನಂಗೆ ಮುಳುವಾಗಿದ್ದು.

ಮೇ ತಿಂಗಳು, ಊರಲ್ಲಿ ಅತ್ತೆ ಮಗನ ಮದುವೆ. ನಮ್ಮೂರು ಸಿಂಧನೂರು ಕಡೆ. ಬೆಂಗಳೂರಿಂದ ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ ಮೇಲೆ ಹೋದ್ರೆ ನಾನೂರು ಕಿಲೋಮೀಟರ್ ಹತ್ರ ಆಗುತ್ತೆ. ಅವ್ವ ಫೋನಲ್ಲಿ "ಇಂಥಾ ಬಿಸಲಾಗ ಆ ಗಾಡಿ ಯಾಕ ತರ್ತಿ, ಬಸ್ಸಿಗಿ ಬಾ" ಅಂತ ಹತ್ತು ಸಲ ಹೇಳಿದ್ಲು, ಕೇಳಿದ್ನಾ? ಇಲ್ಲ. ಅದರ ಬದಲು ಮೂರು ವಾರ ಮುಂಚೆ ರಾತ್ರಿ ಓಡ್ಸೋಕೆ ಇರ್ಲಿ ಅಂತ ಎರಡು ಫಾಗ್ ಲೈಟ್ ಹಾಕಿಸ್ದೆ, ಒಂದೊಂದು 40 ವಾಟ್. ಹಾಕೋ ಹುಡುಗ ಸೀಟ್ ಬಿಚ್ಚಿ ಫ್ಯೂಸ್ ಬಾಕ್ಸ್ ಹತ್ರ ಯಾವುದೋ ವೈರ್ ಸುಲಿದು ಸುತ್ತಿ ಕಪ್ಪು ಟೇಪ್ ಹೊಡೆದು ಇಪ್ಪತ್ತೇ ನಿಮಿಷಕ್ಕೆ ಕೊಟ್ಟುಬಿಟ್ಟ. ರಿಲೇ (ಲೈಟಿಗೆ ಬ್ಯಾಟರಿಯಿಂದಲೇ ಬೇರೆ ಲೈನಲ್ಲಿ ಕರೆಂಟ್ ಬಿಡೋ ಸ್ವಿಚ್) ಹಾಕಿದ್ಯೇನಪ್ಪ ಅಂತ ಕೇಳ್ಬೇಕಿತ್ತು. ನಾನು ಕೇಳಿದ್ದು "ಯುಪಿಐ ಇದ್ಯಾ" ಅಂತ.

ಇನ್ನೊಂದು, ಅದಕ್ಕೂ ಎರಡು ತಿಂಗಳ ಹಿಂದೆ ಮನೆ ಹತ್ರದ ಗ್ಯಾರೇಜಲ್ಲಿ ಆಯಿಲ್ ಚೇಂಜ್ ಮಾಡ್ಸುವಾಗ "ಕೂಲೆಂಟ್ ಕಮ್ಮಿ ಐತೆ ಸಾರ್, ಟಾಪ್ ಅಪ್ ಮಾಡ್ಬಿಟ್ಟೆ" ಅಂದಿದ್ದ. ಏನು ಹಾಕ್ದೆ ಅಂತ ಅವತ್ತೂ ಕೇಳ್ಲಿಲ್ಲ. ಈ ಕಥೆಯಲ್ಲಿ ನಾನು ಕೇಳದೇ ಇದ್ದ ಪ್ರಶ್ನೆಗಳೇ ಜಾಸ್ತಿ.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆ. ಮಾದಾವರ ಹತ್ರ ಯಾವುದೋ ಲಾರಿ ಕೆಟ್ಟು ನಿಂತು ಜಾಮ್, ಹತ್ತು ನಿಮಿಷ ಕಾಲು ಊರ್ಕೊಂಡು ಉರ್ಕೊಂಡು ಹೋಗಿದ್ದಾಯ್ತು. ಅಲ್ಲೇ ಎರಡೂ ಫಾಗ್ ಲೈಟ್ ಒಟ್ಟಿಗೆ ಪಟ್ ಅಂತ ಆರಿಹೋದ್ವು. ಸ್ವಿಚ್ ಎರಡು ಸಲ ಒತ್ತಿದೆ, ಇಲ್ಲ. ಲೂಸ್ ಕನೆಕ್ಷನ್ ಇರ್ಬೇಕು, ಇನ್ನೇನು ಬೆಳಕಾಗುತ್ತಲ್ಲ, ಊರಿಗೆ ಹೋಗಿ ನೋಡಿದ್ರಾಯ್ತು ಅಂತ ಹೊರಟೆ. ಒಂದು ಲೈಟ್ ಆರಿದ್ರೆ ಲೂಸ್ ಕನೆಕ್ಷನ್ ಅನ್ನಬಹುದು, ಎರಡೂ ಒಂದೇ ಕ್ಷಣಕ್ಕೆ ಆರಿದ್ರೆ ಮೊದಲು ನೋಡ್ಬೇಕಾಗಿದ್ದು ಫ್ಯೂಸ್ ಕಣ್ರೀ. ಇಷ್ಟು ಸಣ್ಣ ಲೆಕ್ಕ ಅವತ್ತು ತಲೆಗೆ ಹೋಗ್ಲಿಲ್ಲ.

ಆಮೇಲೆ ತುಮಕೂರು, ಸಿರಾ, ಹಿರಿಯೂರು ಎಲ್ಲಾ ಬೆಣ್ಣೆ ಥರ. ಮೀಟರಲ್ಲಿ ಎಂಜಿನ್ ಬಿಸಿ ತೋರಿಸೋ ಟೆಂಪರೇಚರ್ ಕಡ್ಡಿಗಳು ಯಾವಾಗ್ಲೂ ಇರೋ ಜಾಗದಲ್ಲೇ ಇದ್ವು. ಚಳ್ಳಕೆರೆ ದಾಟಿ ಟೀ ಕುಡಿಯೋಕೆ ನಿಲ್ಲಿಸಿದೆ. ಸಾಮಾನ್ಯವಾಗಿ ಹಿಂಗೆ ಹೈವೇಯಿಂದ ಬಂದು ನಿಲ್ಲಿಸಿ ಒಂದೆರಡು ನಿಮಿಷ ಎಂಜಿನ್ ಆನಲ್ಲೇ ಇಟ್ರೆ ರೇಡಿಯೇಟರ್ ಹಿಂದಿನ ಫ್ಯಾನ್ ಹಾಕ್ಕೊಂಡು ಗುಯ್ಯ್ ಅಂತ ಸದ್ದು ಮಾಡುತ್ತೆ, ಬಲಗಾಲಿಗೆ ಒಲೆ ಮುಂದೆ ನಿಂತಂಗೆ ಬಿಸಿಗಾಳಿ ಬರುತ್ತೆ. ಅವತ್ತು ಸದ್ದೇ ಇಲ್ಲ. ನಾನೇನಂದ್ಕೊಂಡೆ ಗೊತ್ತಾ, ಪರವಾಗಿಲ್ಲ ಗಾಡಿ ತಣ್ಣಗಿದೆ ಅಂತ ಖುಷಿಪಟ್ಟೆ. ಕಡ್ಡಿ ಒಂದು ಜಾಸ್ತಿ ತೋರಿಸ್ತಿತ್ತು, ಅದನ್ನ ನೋಡಿಯೂ ನೋಡದ ಹಂಗೆ ಆಫ್ ಮಾಡಿ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋದೆ.

ಇಲ್ಲಿ ಸ್ವಲ್ಪ ನಿಲ್ಲಿಸಿ ಒಂದು ವಿಷಯ ಹೇಳ್ಬೇಕು, ಯಾಕಂದ್ರೆ ನನ್ನ ಥರ ನಾಲ್ಕು ವರ್ಷ ಓಡಿಸಿಯೂ ಇದು ಗೊತ್ತಿಲ್ಲದೋರು ಬೇಜಾನ್ ಜನ ಇದ್ದಾರೆ. ಗಾಡಿ ಸ್ಪೀಡಲ್ಲಿ ಓಡ್ತಾ ಇರುವಾಗ ಫ್ಯಾನಿಗೆ ಕೆಲಸವೇ ಇಲ್ಲ. ಎದುರುಗಾಳಿನೇ ರೇಡಿಯೇಟರನ್ನ ತಣ್ಣಗೆ ಮಾಡುತ್ತೆ. ಫ್ಯಾನ್ ಬೇಕಾಗೋದು ನಿಂತಾಗ, ಸಿಗ್ನಲಲ್ಲಿ, ಜಾಮಲ್ಲಿ, ಘಾಟಿಲಿ ಲಾರಿ ಹಿಂದೆ ತೆವಳುವಾಗ. ಒಳಗಿನ ನೀರು ನೂರು ಡಿಗ್ರಿ ಆಸುಪಾಸಿಗೆ ಬಂದಾಗ ಹಾಕ್ಕೊಳ್ಳುತ್ತೆ, ಕೆಲವು ಡಿಗ್ರಿ ಇಳಿದ ಮೇಲೆ ತಾನೇ ನಿಲ್ಲುತ್ತೆ. ಅದಕ್ಕೇ ಫ್ಯಾನ್ ಸತ್ತು ಹೋಗಿದ್ರೂ ಇನ್ನೂರು ಮುನ್ನೂರು ಕಿಲೋಮೀಟರ್ ಗಾಡಿ ಏನೂ ಆಗಿಲ್ಲದ ಹಂಗೆ ಓಡುತ್ತೆ, ನಿಲ್ಲಿಸಿದ ಹತ್ತು ನಿಮಿಷಕ್ಕೆ ಬಣ್ಣ ಬಯಲಾಗುತ್ತೆ.

ಬಿಸಿಲಿನ ಲೆಕ್ಕನೂ ನೋಡಿ. ಕೂಲೆಂಟ್ 95 ಡಿಗ್ರಿ ಇದೆ ಅನ್ಕೊಳ್ಳಿ. ಬೆಂಗಳೂರಲ್ಲಿ ಹೊರಗಿನ ಗಾಳಿ 28 ಇದ್ರೆ ವ್ಯತ್ಯಾಸ 67. ಬಳ್ಳಾರಿ ಮಧ್ಯಾಹ್ನ 43 ಇದ್ರೆ ವ್ಯತ್ಯಾಸ 52 ಅಷ್ಟೆ. ರೇಡಿಯೇಟರ್ ಹೊರಗೆ ಹಾಕೋ ಬಿಸಿ ಈ ವ್ಯತ್ಯಾಸದ ಮೇಲೇ ನಿಂತಿರೋದು, ಅಂದ್ರೆ ಅದೇ ರೇಡಿಯೇಟರಿಗೆ ಐದರಲ್ಲಿ ಒಂದು ಪಾಲು ಶಕ್ತಿ ಅಲ್ಲೇ ಕಮ್ಮಿ ಆಯ್ತು. ಅದರ ಮೇಲೆ ಕಾದ ಡಾಂಬರಿನ ಝಳ, ಮುಂದಿನ ಲಾರಿ ಹೊಗೆ. ಬೆಂಗಳೂರಲ್ಲಿ ಚೆನ್ನಾಗಿತ್ತು ಅನ್ನೋ ಮಾತು ಅಲ್ಲಿ ನಡೆಯಲ್ಲ.

ಬಳ್ಳಾರಿ ದಾಟಿ ಸಿರುಗುಪ್ಪ ರೋಡಲ್ಲಿ ಒಂದು ಕಡೆ ರಸ್ತೆ ಕೆಲಸ, ಒಂದೇ ಬದಿಯಲ್ಲಿ ಗಾಡಿ ಬಿಡ್ತಿದ್ರು. ಟೈಮ್ ಹನ್ನೆರಡು ದಾಟಿತ್ತು. ಮುಂದೆ ಭತ್ತದ ಲಾರಿಗಳು, ಎರಡು ಟ್ರ್ಯಾಕ್ಟರ್, ಹಿಂದೆ ಬಸ್ಸು, ಪಕ್ಕಕ್ಕೆ ಸರಿಯೋಕೂ ಜಾಗ ಇಲ್ಲ, ಒಂದು ಮರದ ನೆರಳಿಲ್ಲ. ಈಗ ಬಿಡ್ತಾರೆ ಈಗ ಬಿಡ್ತಾರೆ ಅಂತ ನಾನು ಎಂಜಿನ್ ಆಫ್ ಮಾಡ್ಲಿಲ್ಲ. ಕಡ್ಡಿ ಒಂದು ಏರ್ತು, ಇನ್ನೊಂದು ಏರ್ತು. ಯಾರೋ ಯಾವತ್ತೋ ಹೇಳಿದ್ರು, ರೇಸ್ ಕೊಟ್ರೆ ವಾಟರ್ ಪಂಪ್ ಜೋರಾಗಿ ತಿರುಗಿ ತಣ್ಣಗಾಗುತ್ತೆ ಅಂತ, ಅದನ್ನ ನಂಬಿ ನಾಲ್ಕು ಸಲ ರೇಸ್ ಬೇರೆ ಕೊಟ್ಟೆ. ಫ್ಯಾನೇ ಇಲ್ಲದ ಮೇಲೆ ಅದು ಉರಿಯೋ ಒಲೆಗೆ ಸೌದೆ ಇಟ್ಟಂಗೆ. ಕೆಂಪು ಲೈಟ್ ಮಿಣುಕಿದ್ದು ನೋಡಿದ್ಮೇಲೂ, ಸುಳ್ಳು ಹೇಳಲ್ಲ, ಒಂದೆರಡು ನಿಮಿಷ ಆನಲ್ಲೇ ಇಟ್ಟಿದ್ದೆ. ಆಮೇಲೆ ಟ್ಯಾಂಕ್ ಕೆಳಗಿಂದ ಬುಸ್ ಅಂತ ಹೊಗೆ, ಎಳೆನೀರು ಪಾಕ ಆದಂಗೆ ಒಂಥರಾ ಸಿಹಿ ವಾಸನೆ. ಆಗ ಆಫ್ ಮಾಡಿ ತಳ್ಕೊಂಡು ಮಣ್ಣಿಗೆ ಇಳಿಸಿದೆ.

ಈಗ ಮುಖ್ಯ ತಪ್ಪಿಗೆ ಬರ್ತೀನಿ. ನೀರು ಕಮ್ಮಿಯಾಗಿದೆ, ಒಂದು ಬಾಟಲಿ ಸುರಿದ್ರೆ ಸರಿಹೋಗುತ್ತೆ ಅಂತ ಟೂಲ್ ಕಿಟ್ಟಿಂದ ಆಲನ್ ಕೀ ತೆಗ್ದು, ಪಕ್ಕದ ಪ್ಲಾಸ್ಟಿಕ್ ಬಿಚ್ಚಿ, ರೇಡಿಯೇಟರ್ ಮುಚ್ಚಳದ ಮೇಲೆ ಒದ್ದೆ ಟವಲ್ ಹಾಕಿದೆ. ಆಫ್ ಮಾಡಿ ಐದೇ ನಿಮಿಷ ಆಗಿತ್ತು. ಹಿಂದೆ ನಿಂತಿದ್ದ ಟ್ರ್ಯಾಕ್ಟರಿಂದ ಒಬ್ರು ಯಜಮಾನ್ರು "ಏ ತಮ್ಮಾ, ಮುಟ್ಟಬ್ಯಾಡೋ ಅದನ್ನ" ಅಂತ ಕೂಗಿದ್ದು ಕೇಳಿಸ್ತು, ಆದ್ರೆ ಅಷ್ಟೊತ್ತಿಗೆ ಕೈ ತಿರುಗಿಬಿಟ್ಟಿತ್ತು. ಮೊದಲ ಹಲ್ಲಿಗೆ ಸುಸ್ಸ್ ಅಂತು. ಅಲ್ಲಿಗಾದ್ರೂ ಬಿಡ್ಬೇಕಿತ್ತು. ಇನ್ನೊಂದು ಚೂರು ತಿರುಗಿಸಿದೆ. ಮುಚ್ಚಳ ಟವಲ್ ಸಮೇತ ಎಗರಿ ಹೋಯ್ತು, ಕುದಿಯೋ ನೀರು ಕಾರಂಜಿ ಥರ ಎದ್ದು ಬಲಗೈ ಮೊಣಕೈವರೆಗೂ ಬಿತ್ತು. ಹೆಲ್ಮೆಟ್ ತೆಗೆದಿರ್ಲಿಲ್ಲ, ವೈಸರ್ ಕೆಳಗಿತ್ತು, ಅದೊಂದೇ ಪುಣ್ಯ. ವೈಸರ್ ಮೇಲೆ ಹನಿಗಳು ಸುರುಟಿಕೊಂಡು ಇಳೀತಿದ್ದಿದ್ದು ಈಗಲೂ ಕಣ್ಮುಂದೆ ಇದೆ.

ಮನೆಲಿ ಕುಕ್ಕರ್ ವಿಷಲ್ ಇಳಿಯದೆ ಮುಚ್ಚಳ ತೆಗೀತೀವಾ? ಇದೂ ಅದೇ. ಮುಚ್ಚಳದ ಮೇಲೆ 1.1 ಅಂತ ಬರೆದಿರುತ್ತೆ ನೋಡಿ, ಬಹಳಷ್ಟು ಬೈಕಲ್ಲಿ ಅಷ್ಟೇ, ಅಂದ್ರೆ ಹೊರಗಿನ ಗಾಳಿಗಿಂತ ಸುಮಾರು 1.1 ಬಾರ್ ಜಾಸ್ತಿ ಪ್ರೆಶರ್ ಒಳಗೆ ಹಿಡಿದಿಟ್ಟಿರುತ್ತೆ. ಆ ಪ್ರೆಶರಲ್ಲಿ ಬರೀ ನೀರು ಕೂಡ 120 ಡಿಗ್ರಿ ದಾಟೋವರೆಗೂ ಕುದಿಯಲ್ಲ. ಮುಚ್ಚಳ ತೆಗೆದ ಕ್ಷಣ ಪ್ರೆಶರ್ ಹೋಯ್ತು, 110 ಡಿಗ್ರಿಲಿ ಸುಮ್ಮನೆ ಕೂತಿದ್ದ ನೀರು ಒಂದೇ ಏಟಿಗೆ ಆವಿಯಾಗಿ ಎದ್ದು ಬರುತ್ತೆ. ಒದ್ದೆ ಬಟ್ಟೆ ಏನೂ ಮಾಡಲ್ಲ.

ಆ ಯಜಮಾನ್ರೇ ಇಳಿದು ಬಂದು ಟ್ರ್ಯಾಕ್ಟರಲ್ಲಿದ್ದ ನೀರಿನ ಕ್ಯಾನ್ ತಂದು ಕೈ ಮೇಲೆ ಸಣ್ಣಗೆ ಬಿಡ್ತಾ ಕೂತ್ರು. ಜನ ಸೇರಿದ್ರಲ್ಲ, ಒಬ್ಬ ಪೇಸ್ಟ್ ಹಚ್ಚು ಅಂದ, ಇನ್ನೊಬ್ಬ ಇಂಕ್ ಅಂದ. ಅವ್ರು ಯಾರ ಮಾತೂ ಕೇಳ್ಲಿಲ್ಲ, "ನೀರೊಂದ ಸಾಕು, ಏನೂ ಹಚ್ಚಬ್ಯಾಡ್ರಿ" ಅಂದ್ರು. ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಿದ್ದೇ ಒಳ್ಳೇದಾಯ್ತು ಅಂತ ಆಸ್ಪತ್ರೆಲೂ ಹೇಳಿದ್ರು. ನೀರು ಬಿಡ್ತಾ ಬಿಡ್ತಾ ಅವರ ಅಣ್ಣ ಒಮ್ಮೆ ಟ್ರ್ಯಾಕ್ಟರ್ ಮುಚ್ಚಳ ಹಿಂಗೇ ತೆಗ್ದು ಮಾರಿ ಸುಟ್ಕೊಂಡ ಕಥೆ ಹೇಳಿದ್ರು. ಕೊನೆಗೆ ಬೈಕ್ ಕಡೆ ನೋಡಿ, "ನಮ್ ಸ್ಪ್ಲೆಂಡರಿಗಿ ಇಂಥಾ ರಾಮಾಯಣ ಇಲ್ ನೋಡು, ಗಾಳಿ ಬಂದ್ರ ಆತು" ಅಂದ್ರು. ಆ ನೋವಲ್ಲೂ ನಗು ಬಂತು.

ಗಾಡಿನ ಟಾಟಾ ಏಸಲ್ಲಿ ಹಾಕ್ಕೊಂಡು ವಾಪಸ್ ಬಳ್ಳಾರಿಗೆ. ಅಲ್ಲಿನ ಮೆಕ್ಯಾನಿಕ್ ಹುಡುಗ ಮಾತು ಕಮ್ಮಿ, ಕೆಲಸ ನೋಡೋಕೆ ಚೆಂದ. ಮೊದಲು ಫ್ಯಾನಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ಎರಡು ವೈರ್ ನೇರ ಕೊಟ್ಟ, ಫ್ಯಾನ್ ಗರ್ ಅಂತ ತಿರುಗ್ತು. "ಫ್ಯಾನ್ ಛಲೋ ಐತ್ರಿ, ಕರೆಂಟ್ ಬರವಲ್ದು" ಅಂದ. ಸೀಟ್ ತೆಗ್ದು ಫ್ಯೂಸ್ ಎಳೆದು ಬೆಳಕಿಗೆ ಹಿಡಿದ, 10 ಆಂಪಿಯರ್‌ದು, ಒಳಗಿನ ತಂತಿ ಸುಟ್ಟು ಕಪ್ಪಗೆ. ಅದರ ಹಿಂದಿನ ವೈರಿಗೇ ಕಪ್ಪು ಟೇಪ್. ಫಾಗ್ ಲೈಟ್ ಹಾಕಿದವನು ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ವೈರ್ ಹುಡುಕಿ, ಸಿಕ್ಕಿದ್ದು ಫ್ಯಾನಿನ ಲೈನು, ಅದಕ್ಕೇ ಸುತ್ತಿಬಿಟ್ಟಿದ್ದ. ಎರಡು ಲೈಟಿಗೆ 80 ವಾಟ್, 12 ವೋಲ್ಟಿಗೆ ಭಾಗಿಸಿದ್ರೆ ಆರೂವರೆ ಆಂಪಿಯರ್ ದಾಟ್ತು. ಅದರ ಮೇಲೆ ಫ್ಯಾನ್ ಎದ್ದೇಳೋವಾಗ ಎಳೆಯೋ ಕರೆಂಟ್ ಬೇರೆ. ಸಿಟೀಲಿ ಎರಡೂ ಒಟ್ಟಿಗೆ ಆನ್ ಆಗೋ ಸಂದರ್ಭವೇ ಬಂದಿರ್ಲಿಲ್ಲ, ಮಾದಾವರದ ಜಾಮಲ್ಲಿ ಬಂತು. ಅಂದ್ರೆ ಬೆಳಗ್ಗೆ ಐದು ಗಂಟೆಗೇ ನನ್ನ ಫ್ಯಾನ್ ಸತ್ತಿತ್ತು.

ಆಮೇಲೆ ಕೂಲೆಂಟ್ ಡ್ರೈನ್ ಮಾಡಿ ಬಕೆಟ್ ತೋರಿಸಿದ. ಹಸಿರು ಇರ್ಬೇಕಾಗಿದ್ದು ಸುಣ್ಣದ ತಿಳಿ ಥರ ಇತ್ತು, ತಳದಲ್ಲಿ ಬಿಳಿ ಪುಡಿ. ಟಾಪ್ ಅಪ್ ಅಂತ ಸುರಿದಿದ್ದು ಬೋರ್ ನೀರು. ಬೋರ್ ನೀರಿನ ಸುಣ್ಣ ಗೀಸರ್ ಕಾಯಿಲಿಗೆ ಹೆಂಗೆ ಕಟ್ಟುತ್ತೋ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಹಂಗೇ ಕಟ್ಟುತ್ತೆ, ತುಕ್ಕು ತಡೆಯೋ ಔಷಧಿನೂ ತೆಳುವಾಗುತ್ತೆ, ಕುದಿಯೋ ಡಿಗ್ರಿನೂ ಇಳಿಯುತ್ತೆ. ಕೂಲೆಂಟ್ ತಗೊಳ್ಳುವಾಗ ಬಣ್ಣ ನೋಡಿ ತಗೋಬೇಡಿ, ಬಣ್ಣಕ್ಕೆ ಎಲ್ಲಾ ಕಂಪನಿಗೂ ಒಂದೇ ನಿಯಮ ಅಂತಿಲ್ಲ, ನಿಮ್ಮ ಗಾಡಿ ಪುಸ್ತಕದಲ್ಲಿ ಇರೋದು ನೋಡಿ. ರೆಡಿ ಮಿಕ್ಸ್ ಆದ್ರೆ ಹಂಗೇ ಹಾಕೋದು, ಕಾನ್ಸಂಟ್ರೇಟ್ ಆದ್ರೆ ಡಿಸ್ಟಿಲ್ಡ್ ವಾಟರ್ ಜೊತೆ. ಹಳೇದನ್ನ ಅಂಗಳಕ್ಕೆ ಚೆಲ್ಲಬೇಡಿ, ಸಿಹಿ ಇರುತ್ತೆ ಅಂತ ನಾಯಿ ನೆಕ್ಕುತ್ತೆ, ಅದು ವಿಷ.

ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ತಲೆಭಾಗ ಸಿಲಿಂಡರ್ ಮೇಲೆ ಕೂರೋ ಕಡೆ ಇರೋ ಸೀಲು, ಹೋಗಿತ್ತು. ಆಯಿಲ್ ನೋಡೋ ಗಾಜಲ್ಲಿ ಕಾಫಿಗೆ ಹಾಲು ಜಾಸ್ತಿ ಆದಂಗೆ ಕಾಣ್ತಿತ್ತು, ಅಂದ್ರೆ ನೀರು ಆಯಿಲಿಗೆ ಸೇರಿದೆ. ಆಯಿಲ್, ಗ್ಯಾಸ್ಕೆಟ್, ರೇಡಿಯೇಟರ್ ಫ್ಲಶ್, ಲೇಬರ್, ಟಾಟಾ ಏಸ್ ಎಲ್ಲಾ ಸೇರಿ ಹನ್ನೊಂದು ಸಾವಿರ ಚಿಲ್ಲರೆ, ಆಸ್ಪತ್ರೆದು ಬೇರೆ. ಫ್ಯೂಸಿಗೆ ಹತ್ತು ರೂಪಾಯಿ. ಮದುವೆ ಊಟದ ಹೊತ್ತಿಗೆ ಬಸ್ಸಲ್ಲಿ ಹೋಗಿ ಸೇರ್ಕೊಂಡೆ, ಎಡಗೈಯಲ್ಲಿ ಹೋಳಿಗೆ ತಿಂದೆ, ಅವ್ವ ಎರಡು ದಿನ ಮಾತಾಡಿಸ್ಲಿಲ್ಲ.

ಈಗ ನಾನು ಮಾಡೋದು ಇಷ್ಟು. ದೂರ ಹೋಗೋ ಹಿಂದಿನ ದಿನ ಬಯಲಲ್ಲಿ, ಗಾಳಿ ಆಡೋ ಕಡೆ, ನ್ಯೂಟ್ರಲಲ್ಲಿ ಎಂಜಿನ್ ಆನ್ ಮಾಡಿ ಪಕ್ಕದಲ್ಲೇ ನಿಂತಿರ್ತೀನಿ, ಫ್ಯಾನ್ ಯಾವ ಕಡ್ಡಿಗೆ ಹಾಕ್ಕೊಳ್ಳುತ್ತೆ ಅಂತ ಕಿವಿಯಿಂದ ಕೇಳ್ಬೇಕು. ಆ ಕಡ್ಡಿ ದಾಟಿಯೂ ಸದ್ದಿಲ್ಲ ಅಂದ್ರೆ ಅಲ್ಲೇ ಆಫ್. ಕಾಲಿಗೆ ಬಿಸಿಗಾಳಿ ಹೊಡೀತು, ಕೆಲವು ಗಾಡಿಲಿ ಕೀ ತೆಗೆದ ಮೇಲೂ ಫ್ಯಾನ್ ತಿರುಗ್ತು ಅಂತ ಗಾಬರಿ ಆಗ್ಬೇಡಿ, ಅದು ಸರಿಯಾಗಿರೋ ಲಕ್ಷಣ. ಕೂಲೆಂಟಿನ ರಿಸರ್ವ್ ಡಬ್ಬಿ ತುಂಬಿದೆ ಅಂತಲೂ ನಂಬಬೇಡಿ, ರೇಡಿಯೇಟರ್ ಮುಚ್ಚಳದ ರಬ್ಬರ್ ಹೋಗಿದ್ರೆ ಡಬ್ಬಿಲಿ ಇರೋದು ವಾಪಸ್ ರೇಡಿಯೇಟರಿಗೆ ಹೋಗಲ್ಲ, ತಿಂಗಳಿಗೊಮ್ಮೆ ಬೆಳಗ್ಗೆ ಗಾಡಿ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗ್ದು ನೋಡಿ. ವಾಟರ್ ವಾಶ್ ಗನ್ ಹತ್ತಿರದಿಂದ ರೇಡಿಯೇಟರಿಗೆ ಹೊಡೆಯೋಕೆ ಬಿಡಬೇಡಿ, ಆ ತೆಳು ರೆಕ್ಕೆಗಳು ಮಲಗಿಬಿಟ್ರೆ ಗಾಳಿ ತೂರಲ್ಲ.

ರೋಡಲ್ಲಿ ಬಿಸಿ ಏರಿದ್ರೆ, ಮುಂದೆ ಖಾಲಿ ಇದ್ರೆ ನಿಧಾನಕ್ಕೆ ಓಡಿಸಿ ಗಾಳಿ ಕೊಡಿ, ಖಾಲಿ ಇಲ್ಲ ಅಂದ್ರೆ ತಕ್ಷಣ ಆಫ್ ಮಾಡಿ ತಳ್ಳಿ, ಮರ್ಯಾದೆ ಹೋಗಲ್ಲ. ಕೆಂಪು ಲೈಟ್ ಬಂದ್ಮೇಲಂತೂ ಓಡಿಸೋ ಮಾತೇ ಇಲ್ಲ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಮೇಲಿನ ರಬ್ಬರ್ ಪೈಪನ್ನ ಬರಿಗೈಲಿ ಆರಾಮಾಗಿ ಹಿಡಿಯೋಕೆ ಆಗೋವರೆಗೂ ಮುಚ್ಚಳದ ಕಡೆ ತಲೆನೂ ಹಾಕಬೇಡಿ, ಆ ಬಿಸಿಲಲ್ಲಿ ಅದಕ್ಕೆ ಒಂದು ಗಂಟೆ ಬೇಕಾದ್ರೂ ಬೇಕಾಗುತ್ತೆ. ಬೇರೆ ದಾರಿ ಇಲ್ದೆ ಕುಡಿಯೋ ನೀರು ಹಾಕಿದ್ರೆ ಪರವಾಗಿಲ್ಲ, ಆದ್ರೆ ಊರು ಸೇರಿದ ಮೇಲೆ ತೆಗೆಸಿ ಕೂಲೆಂಟ್ ಹಾಕಿಸಿ.

ಬೆಂಗಳೂರಿಗೆ ಬಂದು ಲೈಟ್ ಅಂಗಡಿಗೆ ಹೋಗಿ ಆ ಸುಟ್ಟ ಫ್ಯೂಸ್ ಟೇಬಲ್ ಮೇಲಿಟ್ಟೆ. ಹುಡುಗ ನೋಡಿ, "ಅದು ಕಂಪನಿ ಫಾಲ್ಟ್ ಸಾರ್, 20 ಆಂಪಿಯರ್ ಹಾಕಿ, ಯಾವತ್ತೂ ಹೋಗಲ್ಲ" ಅಂದ. ಹೌದು, ಫ್ಯೂಸ್ ಹೋಗಲ್ಲ, ಅದರ ಬದಲು ವೈರ್ ಸುಟ್ಟು ಸೀಟ್ ಕೆಳಗೆ ಬೆಂಕಿ ಬರುತ್ತೆ. ಜಗಳ ಆಡೋಕೂ ಮನಸ್ಸಾಗ್ಲಿಲ್ಲ, ಲೈಟ್ ಬಿಚ್ಚಿಸ್ಕೊಂಡು ಬಂದೆ, ಬಿಚ್ಚೋಕೆ ನೂರೈವತ್ತು ತಗೊಂಡ. ಎರಡೂ ಅಟ್ಟದ ಮೇಲಿವೆ, ಬೇಕಾದವರು ಕೇಳಿ, ಫ್ರೀಯಾಗೇ ಕೊಡ್ತೀನಿ, ಆದ್ರೆ ಬರುವಾಗ ಬೇರೆ ಫ್ಯೂಸು, ರಿಲೇ ಎರಡೂ ತಗೊಂಡು ಬಂದು ತೋರಿಸ್ಬೇಕು.